ಕಳುವಾಯಿತೋ, ಕಳೆದುಹೋಯಿತೋ?

ನಿನ್ನೆ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ನನ್ನ ಜೇಬಿನಿಂದ ಫೋನ್ ಎಗರಿಸಿದರು. ಠಾಣೆಗೆ ಹೋದೆ. ರೈಟರ್ ಸಾಹೇಬರು ಟೀ ಲೋಟ ಕೆಳಗಿಡದೆ, "ಕಳುವಾಗಿದೆ ಅಂತ ಯಾಕೆ ಬರೀತೀರಾ? ಕಳೆದುಹೋಗಿದೆ ಅಂತ ಬರೀರಿ, ಕೆಲಸ ಸಲೀಸು" ಎಂದರು. ಯಾರ ಕೆಲಸ ಸ್ವಾಮಿ? ಫೋನೇ ಬೇಜಾರಾಗಿ ಮೆಜೆಸ್ಟಿಕ್‌ನಲ್ಲಿ ಇಳಿದು ಹೋಯಿತಾ?

ಆಮೇಲೆ ಮಾಮೂಲಿ ಮಂತ್ರ: "ಇದು ನಮ್ಮ ಲಿಮಿಟ್ಸ್ ಅಲ್ಲ." ರಸ್ತೆಯ ಆ ಕಡೆ ಅವರದ್ದಂತೆ, ಈ ಕಡೆ ಇವರದ್ದಂತೆ. ಕಳ್ಳನಿಗೆ ಮಾತ್ರ ಎರಡೂ ಕಡೆ ಸ್ವಂತ ಮನೆ! 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದಲ್ವಾ ಎಂದೆ. "ಲಾಯರಾ?" ಎಂದರು. ಮುಗಿಯಿತು, ಇನ್ನೂ ಒಂದು ಗಂಟೆ ಬೆಂಚು ಕಾಯುವ ಶಿಕ್ಷೆ.

ಅದೇ ನಾನು ಹೆಲ್ಮೆಟ್ ಇಲ್ಲದೆ ಹಾಲಿಗೆ ಹೋಗಲಿ, ಸಿಗ್ನಲ್ ಕ್ಯಾಮೆರಾಗೆ ನನ್ನ ಬೋಳು ತಲೆ ಎಷ್ಟು ಚೆನ್ನಾಗಿ ಕಾಣುತ್ತದೆ! 500 ರೂಪಾಯಿ ದಂಡ. ಆಗ ಯಾವ ಲಿಮಿಟ್ಸೂ ಅಡ್ಡ ಬರುವುದಿಲ್ಲ.

ಹೊರಡುವಾಗ ಬಾಗಿಲ ಪಕ್ಕ ಕ್ಯೂಆರ್ ಕೋಡ್ ಕಂಡಿತು. ನಮ್ಮ ಸೇವೆ ಹೇಗಿತ್ತು, ಸ್ಕ್ಯಾನ್ ಮಾಡಿ ತಿಳಿಸಬೇಕಂತೆ.

ಯಾವ ಫೋನಿನಲ್ಲಿ?