ಅವ್ವ ಯಾವ ಪಟ್ಟಿಯಲ್ಲಿ?

2020ರ ಮೇ 6. ಟಿವಿಯಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಕೊರೊನಾ ಲಾಕ್‌ಡೌನ್ ಪರಿಹಾರದ ಪ್ಯಾಕೇಜ್ ಹೇಳುತ್ತಿದ್ದರು. ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ನಮ್ಮ ಮನೆಯಲ್ಲಿ ಎಲ್ಲರೂ ಕೆಲಸ ಇಲ್ಲದೆ ಸುಮ್ನೆ ಕೂತಿದ್ದೆವು. ಕ್ಷೌರಿಕರಿಗೆ, ಅಗಸರಿಗೆ, ಆಟೋದವರಿಗೆ 5,000. ಕೈಮಗ್ಗದವರಿಗೆ ವರ್ಷಕ್ಕೆ 2,000. ಅಪ್ಪ ಪವರ್‌ಲೂಮ್‌ನಲ್ಲಿ, ಅಂದರೆ ಕರೆಂಟ್ ಮಗ್ಗದಲ್ಲಿ, ಕೂಲಿಗೆ ನೇಯುವವ. ಕಿವಿಗೊಟ್ಟು ಕಾದ. ಪವರ್‌ಲೂಮ್ ಕೂಲಿಯವರಿಗೆ ಇಷ್ಟು ಅನ್ನೋ ಮಾತು ಬರಲೇ ಇಲ್ಲ.

ಸಂಜೆ ಇಳಕಲ್ಲಿನಿಂದ ಕಾಕಾನ ಫೋನ್. ಅವನದು ಕೈಮಗ್ಗ. "ನಮಗ ಎರಡ್ ಸಾವಿರ ಅಂತ. ನಿಮಗೆಷ್ಟ್ ಅಣ್ಣಾ?" ಅಪ್ಪ ನಕ್ಕುಬಿಟ್ಟ. "ನಾವ್ ನೇಕಾರರ ಹೌದೋ ಅಲ್ಲೋ, ಇನ್ನೂ ಗೊತ್ತಾಗವಲ್ದು ತಮ್ಮಾ."

ಮುಂದಿನ ವಾರ ನಮಗೂ 2,000 ಅಂತ ಘೋಷಣೆಯಾಯಿತು. ಆದರೆ ಮಗ್ಗ ಮಾಲೀಕರದು. ಕರೆಂಟ್ ಮೀಟರ್ ಅವರ ಹೆಸರಲ್ಲಿ. ತಾನು ನೇಯುತ್ತೇನೆ ಅನ್ನೋದಕ್ಕೆ ಅಪ್ಪನ ಬಳಿ ಇದ್ದದ್ದು ಮಜೂರಿ ಬರೆದಿಟ್ಟ, ಎಣ್ಣೆ ಹತ್ತಿದ ಒಂದು ಚಿಕ್ಕ ನೋಟ್‌ಬುಕ್. ಅದನ್ನು ಯಾವ ಕಚೇರಿಯವರು ಮುಟ್ಟುತ್ತಾರೆ? ಮಾಲೀಕರ ಸಹಿಗಾಗಿ ನಾಲ್ಕು ಸಲ ಓಡಾಡಿದ.

ಅವ್ವನದು ಅದಕ್ಕಿಂತ ವಿಚಿತ್ರ. ಮನೆಯಲ್ಲೇ ಕೂತು ಕಂಡಿಕೆ, ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ, ಸುತ್ತುತ್ತಾಳೆ. ಕಂಡಿಕೆ ಇಲ್ಲದೆ ಮಗ್ಗದಲ್ಲಿ ಅಡ್ಡ ನೂಲು ಹಾಕುವ ಲಾಳಿ ಓಡೋದಿಲ್ಲ. ಅದರ ನೂಲು ನೋಡನೋಡುತ್ತಲೇ ಖಾಲಿ, ಮತ್ತೊಂದು ತಯಾರಿರಬೇಕು. ನೂಲು ಹಿಡಿದು ಹಿಡಿದು ಅವಳ ತೋರುಬೆರಳಿನ ಮೇಲೆ ಸಣ್ಣ ಗೆರೆಯೊಂದು ಬಿದ್ದುಬಿಟ್ಟಿದೆ. "ನಂದು ಯಾವ ಪಟ್ಟ್ಯಾಗ ಬರತೈತಿ?" ಅಂತ ಕೇಳಿದಳು. ಕಾರ್ಮಿಕಳಲ್ಲ, ನೇಕಾರಳೂ ಅಲ್ಲ. ಪಟ್ಟಿ ಮಾಡುವವರ ಲೆಕ್ಕದಲ್ಲಿ ಅವಳು 'ಮನೆಗೆಲಸ'.

ಸರ್ಕಾರದ ಕೈ ಬರಿದಾಗಿತ್ತು, ಒಪ್ಪುತ್ತೇನೆ. ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನೇ ಏರಿಸಬಹುದಾದ ತೆರಿಗೆ ಉಳಿದಿದ್ದೇ ಕೆಲವು: ಮದ್ಯ, ಪೆಟ್ರೋಲ್, ವಾಹನ, ನೋಂದಣಿ. ಅದಕ್ಕೇ ಅಲ್ವಾ ಮೇ 4ಕ್ಕೇ ಎಣ್ಣೆ ಅಂಗಡಿ ತೆರೆದದ್ದು? ಪ್ಯಾಕೇಜ್ ಹೇಳಿದ ದಿನವೇ ಬಜೆಟ್‌ನಲ್ಲಿ ಹೇಳಿದ್ದ ಶೇ. 6ರ ಏರಿಕೆಯ ಮೇಲೆ ಇನ್ನೂ ಶೇ. 11 ಅಬಕಾರಿ ಸುಂಕ ಏರಿಸಿದರು. ನಮ್ಮ ಓಣಿಯಲ್ಲಿ ಕೆಲವರ ಎರಡು ಸಾವಿರ ಎಲ್ಲಿಗೆ ವಾಪಸ್ ಹೋಯಿತು ಅಂತ ಬಿಡಿಸಿ ಹೇಳಬೇಕಿಲ್ಲ.

ದುಡ್ಡು ಕಡಿಮೆ ಅನ್ನೋದು ನನ್ನ ತಕರಾರಲ್ಲ. ಒಂದು ಸೀರೆಗೆ ಎಷ್ಟು ಜನರ ಕೈ ಬೀಳುತ್ತದೆ ಅಂತ ಯಾರೂ ಎಣಿಸಿಲ್ಲ ಅನ್ನೋದು. ಓಟಿಗಾದರೆ ಮನೆ ಬಾಗಿಲಿಗೇ ಬಂದು ಎಣಿಸುತ್ತಾರೆ. ಪಕ್ಕದ ಬೆಳಗಾವಿಯನ್ನೇ ನೋಡಿ. ಸಂಸದ ಸುರೇಶ ಅಂಗಡಿಯವರು ಕೊರೊನಾದಿಂದಲೇ ತೀರಿಕೊಂಡರು. ಅವರ ಜಾಗಕ್ಕೆ 2021ರ ಏಪ್ರಿಲ್ 17ಕ್ಕೆ ಮತದಾನ, ಅದಕ್ಕೂ ಮೊದಲು ಎರಡನೇ ಅಲೆಯ ನಡುವೆಯೇ ಭರ್ಜರಿ ಪ್ರಚಾರ. 27ರ ರಾತ್ರಿಯಿಂದ ರಾಜ್ಯವೇ ಬಂದ್. ಮದುವೆ ಸೀಸನ್ ಎರಡನೇ ವರ್ಷವೂ ಮುಳುಗಿತು. ಮಹಾರಾಷ್ಟ್ರಕ್ಕೆ ಹೋಗಬೇಕಿದ್ದ ಸೀರೆಯ ಗಂಟುಗಳು ಮಾಲೀಕರ ಪಡಸಾಲೆಯಲ್ಲೇ ಉಳಿದವು.

ಆ ಜೂನ್‌ನಲ್ಲಿ ಪವರ್‌ಲೂಮ್‌ನವರಿಗೆ 3,000 ಘೋಷಣೆಯಾಯಿತು. ಅಷ್ಟರಲ್ಲಿ ಅಪ್ಪ ಮಾಲೀಕರಿಂದ ಹದಿನೆಂಟು ಸಾವಿರ ಬಾಕಿ, ಅಂದರೆ ಮಜೂರಿಯಲ್ಲಿ ತೀರಿಸುವ ಮುಂಗಡ ಸಾಲ, ತೆಗೆದಿದ್ದ. ಆ ಮನುಷ್ಯ ಕೆಟ್ಟವನಲ್ಲ, ಕೇಳಿದಾಗ ಕೊಟ್ಟ. ಮಗ್ಗ ಶುರುವಾದ ಮೇಲೆ ವಾರಕ್ಕೆ ಮುನ್ನೂರು ಮಜೂರಿಯಲ್ಲಿ ಮುರಿದುಕೊಂಡ. ನೋಟ್‌ಬುಕ್ಕಿನಲ್ಲಿ ಬಾಕಿ ಸೊನ್ನೆಯಾದಾಗ ಮುಂದಿನ ವರ್ಷದ ದಸರಾ ಬಂದಿತ್ತು. ಅವ್ವ ಸುತ್ತಿದ ಕಂಡಿಕೆಯ ಲೆಕ್ಕವೂ ಅಪ್ಪನ ಹೆಸರಿನ ಕೆಳಗೇ ಇದೆ.