ಪೊರಂಬೋಕು ನೆಲದ ಎರೆಭೂತ

ವನ್ಯಜೀವಿ ಸಪ್ತಾಹವು ವಾಡಿಕೆಯಂತೆ ಅಕ್ಟೋಬರ್ 2ರಂದು ಆರಂಭವಾಗಿ 8ರಂದು ಮುಗಿಯಿತು. ಸಿರುಗುಪ್ಪದ ನಮ್ಮ ರಸ್ತೆಯಲ್ಲಿ ಎರಡು ವಿದ್ಯುತ್ ಕಂಬಗಳ ನಡುವೆ, ತಂತಿಯಿಂದ ಒಂದೆರಡು ಮೊಳ ಕೆಳಗೆ, 'ಎರೆಭೂತವನ್ನು ಉಳಿಸೋಣ' ಎಂಬ ಫ್ಲೆಕ್ಸ್ ಕಟ್ಟಿದ್ದರು. ಎರೆಭೂತವೆಂದರೆ ಇಂಗ್ಲಿಷಿನಲ್ಲಿ 'ಗ್ರೇಟ್ ಇಂಡಿಯನ್ ಬಸ್ಟರ್ಡ್' ಎನ್ನುವ, ಬಯಲು ಹುಲ್ಲುಗಾವಲಿನ ದೊಡ್ಡ ಹಕ್ಕಿ. ಅದರಲ್ಲಿ ಮುಖಂಡರ ಮುಖಗಳು ಹನ್ನೊಂದು, ಹಕ್ಕಿ ಒಂದು. ಆ ಒಂದೂ ಆಫ್ರಿಕಾದ ಉಷ್ಟ್ರಪಕ್ಷಿ. ಏಣಿಯ ಮೇಲಿದ್ದ ಹುಡುಗನಿಗೆ ಇದನ್ನು ತಿಳಿಸಿದಾಗ ಅವನು, "ಹಕ್ಕಿ ಯಾವ್ದಾದ್ರೇನ್ ಬಿಡ್ರಿ ಸಾರ್, ಸಾಹುಕಾರ್ರ ಫೋಟೋ ಚೆಂದ ಬಂದೈತಲ್ಲ" ಎಂದ.

ಫ್ಲೆಕ್ಸಿಗೆ ಆರಿಸಿದ ಜಾಗವನ್ನಾದರೂ ಮೆಚ್ಚಲೇಬೇಕು. ಹದಿನೈದು ಕಿಲೋವರೆಗೆ ತೂಗಬಲ್ಲ ಎರೆಭೂತಕ್ಕೆ ಕಣ್ಣುಗಳಿರುವುದು ತಲೆಯ ಪಕ್ಕಗಳಲ್ಲಿ. ನೇರ ಎದುರಿಗಿರುವುದು ಅದಕ್ಕೆ ಸರಿಯಾಗಿ ಕಾಣದು, ಕಂಡರೂ ಅಷ್ಟು ಭಾರದ ಮೈಯನ್ನು ಗಕ್ಕನೆ ಹೊರಳಿಸಲಾಗದು. ಆದ್ದರಿಂದ ಅದು ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತುಗಳಲ್ಲಿ ಅದರ ನೆಲೆಗಳ ಮೇಲೆ ಹಾಯುವ ತಂತಿಗಳನ್ನು ಸಾಧ್ಯವಿರುವ ಕಡೆ ನೆಲದೊಳಗೆ ಹಾಕಿರಿ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ, ತಜ್ಞರ ಸಮಿತಿಯೊಂದನ್ನು ನೇಮಿಸಿತು. ಆ ತಂತಿಗಳಲ್ಲಿ ಹರಿಯುವ ಸೌರ ವಿದ್ಯುತ್ತು ಭೂಮಿಯನ್ನು ಉಳಿಸುವ ವಿದ್ಯುತ್ತಾದುದರಿಂದ, ಭೂಮಿಯ ಮೇಲಿರುವ ಒಂದು ಹಕ್ಕಿ ಸ್ವಲ್ಪ ಹೊಂದಿಕೊಂಡು ಹಾರಬೇಕೆಂದು ನಾವೆಲ್ಲ ಅಪೇಕ್ಷಿಸುವುದು ಸಹಜವೇ ಆಗಿದೆ.

ಇದರ ಹಣೆಬರಹವೇ ಹೆಸರಿನಿಂದ ಕೆಟ್ಟದ್ದೇನೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ರಾಷ್ಟ್ರಪಕ್ಷಿಯ ಆಯ್ಕೆ ನಡೆದಾಗ ಪಕ್ಷಿತಜ್ಞ ಸಲೀಂ ಅಲಿಯವರು ಇದರ ಪರ ಇದ್ದರು. ಆದರೆ ಇದರ ಇಂಗ್ಲಿಷ್ ಹೆಸರು 'ಬಸ್ಟರ್ಡ್' ಒಂದಕ್ಷರ ತಪ್ಪಿದರೆ ಹುಟ್ಟನ್ನೇ ಹಳಿಯುವ ಬೈಗುಳವಾಗುವುದರಿಂದ ಹಿರಿಯರು ಹಿಂಜರಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 1963ರಲ್ಲಿ ಗೌರವ ನವಿಲಿಗೆ ಸಂದಿತು. ಹಕ್ಕಿಗೆ ಬೈಗುಳದ ನೆರೆಹೊರೆಯಾದರೆ ಅದರ ನೆಲಕ್ಕೆ ಬೈಗುಳವೇ ಹೆಸರು. ನಮ್ಮ ಬಳ್ಳಾರಿ ಜಿಲ್ಲೆಯು 1953ರಲ್ಲಿ ಮದ್ರಾಸಿನಿಂದ ಬಿಡಿಸಿಕೊಂಡು ಬಂದಾಗ ಜೊತೆಯಲ್ಲಿ ತಂದುಕೊಂಡ ಆಸ್ತಿಗಳಲ್ಲಿ 'ಪೊರಂಬೋಕು' ಎಂಬ ಶಬ್ದವೂ ಒಂದು. ಕಂದಾಯದ ಲೆಕ್ಕದಿಂದ ಹೊರಗೆ ನಿಂತ ನೆಲವೆಂಬುದು ಅದರ ಮೂಲಾರ್ಥ. ಲೆಕ್ಕಕ್ಕೆ ಬಾರದ ಮನುಷ್ಯನನ್ನೂ ನಾವು ಅದೇ ಹೆಸರಿನಿಂದ ಕರೆಯುತ್ತೇವೆ. ಪಹಣಿಯಲ್ಲಿ ಅದರ ಸೋದರ ಶಬ್ದ 'ಖರಾಬು' ಇದೆ. ಮೊಳಕಾಲೆತ್ತರದ ಹುಲ್ಲು, ಅದರಲ್ಲಿ ಮಿಡತೆ, ಓತಿಕ್ಯಾತ, ತೋಳ, ಕುರಿಮಂದೆ, ಬರಿನೆಲದಲ್ಲಿ ಇಟ್ಟ ಒಂದೇ ಒಂದು ಮೊಟ್ಟೆ, ಇಷ್ಟೆಲ್ಲ ಇದ್ದರೂ ಮರವಿಲ್ಲವೆಂಬ ಕಾರಣಕ್ಕೆ ಅದು ಪಾಳು. ಪಾಳನ್ನು ಉದ್ಧರಿಸುವುದಂತೂ ಪುಣ್ಯದ ಕೆಲಸ! ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟು ಉದ್ಧರಿಸಿದೆವು. ಅಲ್ಲಿ ಕೃಷ್ಣಮೃಗಗಳು ಉಳಿದಿವೆ, ಎರೆಭೂತ ಉಳಿದಿಲ್ಲ.

ನಮ್ಮ ತಾಲ್ಲೂಕಿನ ಉದ್ಧಾರವನ್ನು ತುಂಗಭದ್ರೆಯ ಕಾಲುವೆ ವಹಿಸಿಕೊಂಡಿತು. ಜೋಳ, ಕಡಲೆ ಬೆಳೆಯುವ ಕಪ್ಪು ಮಣ್ಣಿನ ಎರೆಹೊಲಗಳಲ್ಲಿ ಹುಳು ಹೆಕ್ಕುತ್ತಿದ್ದ ಹಕ್ಕಿಗೆ ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಡಲು ಜಾಗವಿಲ್ಲ. ಆ ಭತ್ತದ ಅನ್ನವನ್ನೇ ಉಂಡು ಬೆಳೆದ ನಾನು ರೈತರನ್ನು ದೂರಲಾರೆ. ಮಳೆಯನ್ನೇ ನಂಬಿದ ಕೆಲವೇ ಹೊಲಗಳಲ್ಲಿ ಅದು ಇನ್ನೂ ಬೆರಳೆಣಿಕೆಯಲ್ಲಿ ಉಳಿದಿದ್ದರೆ, ಕಾಲುವೆ ಅಲ್ಲಿಗೆ ಹೋಗದಿದ್ದುದೇ ಕಾರಣ. ಎರೆಯಲ್ಲಿ ಓಡಾಡುವ ಭೂತವೆಂದು ಹಿಂದಿನವರು ಹೆಸರಿಟ್ಟರು. ವ್ಯಾಕರಣದಲ್ಲಿ ಭೂತಕ್ಕೆ ಇನ್ನೊಂದು ಅರ್ಥವಿದೆಯೆಂಬುದು ಅವರಿಗೆ ಹೊಳೆದಿರಲಾರದು.

ಬಯಲನ್ನೇ ನೆಚ್ಚಿದ್ದ ಚೀತಾ ಭಾರತದಲ್ಲಿ ಅಳಿಯಿತೆಂದು 1952ರಲ್ಲಿ ಘೋಷಿಸಲಾಯಿತು. ಎಪ್ಪತ್ತು ವರ್ಷಗಳ ನಂತರ ನಮೀಬಿಯಾದಿಂದ ವಿಮಾನದಲ್ಲಿ ಎಂಟು ಚೀತಾಗಳನ್ನು ಕರೆತಂದು ಸ್ವಾಗತಿಸಿದೆವು. ಎರೆಭೂತಕ್ಕೆ ಆ ದಾರಿಯೂ ಇಲ್ಲ. ವಿಮಾನ ಕಳುಹಿಸಿ ತರಿಸೋಣವೆಂದರೆ ಆಫ್ರಿಕಾದಲ್ಲಿ ಅದು ಇರುವುದು ಫ್ಲೆಕ್ಸಿನ ಮೇಲೆ ಮಾತ್ರ. ಇಡೀ ಜಗತ್ತಿನಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಹೆಚ್ಚಿನವು ಥಾರ್ ಮರುಭೂಮಿಯಲ್ಲಿ.

ತಮಾಷೆ ಮಾಡಿ ನನಗೂ ಸಾಕಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲಿ, ಈ ಹಕ್ಕಿಯ ಹೆಸರಿದೆ. ಅದಕ್ಕೆ ಬೇಕಾಗಿರುವುದು ಭಾಷಣವಲ್ಲ, ಮೊಟ್ಟೆಯಿಟ್ಟ ಜಾಗವನ್ನು ಯಾರೂ ತುಳಿಯದಿರುವುದು, ನಾಯಿಗಳನ್ನು ದೂರವಿಡುವುದು, ಒಣಬೇಸಾಯ ಬಿಡದ ನಾಲ್ಕು ರೈತರಿಗೆ ನಷ್ಟವಾಗದಂತೆ ಹಣ ಕೊಡುವುದು. ಇದು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಗೊತ್ತಿದ್ದೂ ಮಾಡುವುದಿಲ್ಲ.

ಒಂದು ತಿಂಗಳ ನಂತರ ಆ ಫ್ಲೆಕ್ಸನ್ನು ಮತ್ತೆ ಕಂಡೆ. ಅಕಾಲಿಕ ಮಳೆ ಹನಿಯುತ್ತಿತ್ತು. ರಸ್ತೆಯಂಚಿನಲ್ಲಿ ಒಣಗಲು ಹಾಕಿದ್ದ ಭತ್ತದ ರಾಶಿಗೆ ಯಾರೋ ಅದನ್ನು ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು. ಒಂದು ಕಲ್ಲು ಉಷ್ಟ್ರಪಕ್ಷಿಯ ಮುಖದ ಮೇಲಿತ್ತು. ಸಾಹುಕಾರರ ಫೋಟೋ ಮಾತ್ರ ಮಳೆಯಲ್ಲಿ ತೊಳೆದು ಇನ್ನಷ್ಟು ಚೆಂದ ಕಾಣುತ್ತಿತ್ತು.