ಗೊಬ್ಬರ ಕಮ್ಮಿ ಕೇಳೋ ತಳಿ ನೋಡಿ ಭತ್ತ ಹಾಕ್ಬೇಕಾ? ಪರ-ವಿರೋಧ

ಪರ

ಹಾಕ್ಲೇಬೇಕು. ಎಕರೆಗೆ ಎಷ್ಟ್ ಮೂಟೆ ಯೂರಿಯಾ ಅಂತ ಎಲ್ಲಾರೂ ಕೇಳ್ತಾರೆ, ನಾನ್ ಹಾಕ್ತಿರೋ ತಳಿ ಮಣ್ಣಲ್ಲಿ ಇರೋದನ್ನ ಎಷ್ಟು ಎಳ್ಕೊಳುತ್ತೆ ಅಂತ ಕೇಳೋರು ಕಮ್ಮಿ. ನಮ್ಮ ಕೆಂಪು ಮಣ್ಣಲ್ಲಿ ರಂಜಕ ಇಲ್ಲ ಅಂತಲ್ಲ, ಇರುತ್ತೆ, ಆದ್ರೆ ಕಬ್ಬಿಣ ಅಲ್ಯೂಮಿನಿಯಂ ಅದನ್ನ ಹಿಡ್ಕೊಂಡು ಬಿಡಲ್ಲ, ಹಾಕಿದ ಡಿಎಪಿ ಗೊಬ್ಬರದ ರಂಜಕನೂ ಬಹುಪಾಲು ಆ ವರ್ಷ ಪೈರಿಗೆ ಸಿಗಲ್ಲ. ಇಂಥ ಕಡೆ ಬೇರು ಚೆನ್ನಾಗಿ ಹರಡೋ ತಳಿನೇ ಗೆಲ್ಲೋದು. ಕಸಲತ್ ಅಂತ ನಮ್ಮ ದೇಶದ್ದೇ ಒಂದು ಹಳೇ ಭತ್ತ ಇದೆ, ಅದ್ರಲ್ಲಿರೋ ಪಿಸ್ಟಾಲ್-1 ಅನ್ನೋ ಜೀನ್ ಎಳೇ ಪೈರಲ್ಲೇ ಬೇರು ಜಾಸ್ತಿ ಬಿಡ್ಸುತ್ತೆ, ರಂಜಕ ಕಮ್ಮಿ ಇರೋ ಮಣ್ಣಲ್ಲೂ ಇಳುವರಿ ಕೊಡುತ್ತೆ ಅಂತ 2012ರಲ್ಲಿ ತೋರ್ಸಿದ್ರು. ಎಷ್ಟೋ ಹೊಸ ತಳಿಗಳಲ್ಲಿ ಆ ಜೀನೇ ಇಲ್ಲ! ಗೊಬ್ಬರ ತುಂಬಿರೋ ಗದ್ದೆಲೇ ಆರ್ಸ್ಕೊಂಡು ಬಂದ್ರೆ ಇಂಥ ಗುಣ ಕಣ್ಣಿಗೆ ಬೀಳೋದಾದ್ರೂ ಹೆಂಗೆ?

1966ರಲ್ಲಿ ಬಂದ ಐಆರ್-8 ಅನ್ನೋ ಭತ್ತದಿಂದ ಗಿಡ್ಡ ತಳಿಗಳ ಕಾಲ ಶುರುವಾಯ್ತು, ಯೂರಿಯಾ ಹಾಕಿದ್ರೂ ಪೈರು ಮಲಗಲ್ಲ ಅನ್ನೋದೇ ದೊಡ್ಡ ಲಾಭ. ಆದ್ರೆ ಗಿಡ್ಡ ಮಾಡೋ ಅದೇ ಗುಣ ಯೂರಿಯಾಲಿರೋ ಸಾರಜನಕ ಹೀರೋದನ್ನೂ ತಗ್ಗಿಸುತ್ತೆ, ಇನ್ನೊಂದು ಜೀನ್ ಚುರುಕಾದ್ರೆ ಪೈರು ಗಿಡ್ಡಾಗೇ ಇದ್ದು ಹೀರೋದು ಸರಿಹೋಗುತ್ತೆ ಅಂತ 2018ರಲ್ಲಿ ಗೊತ್ತಾಯ್ತು. ಅಂದ್ರೆ ದಾರಿ ಇದೆ, ಮಣ್ಣಿಗೆ ತಕ್ಕ ತಳಿ ಕೇಳೋಣ.

ವಿರೋಧ

ನಾನು ಈ ಕಡೆಗೇ ಜಾಸ್ತಿ ವಾಲ್ತೀನಿ. ರಾಜಮುಡಿ ಅನ್ನೋ ನಮ್ಮ ಹಳೇ ಭತ್ತ ಯೂರಿಯಾ ಕೇಳಲ್ಲ ಅಂತಾರೆ, ನಿಜ, ಹಾಕಿದ್ರೆ ಎತ್ತರಕ್ಕೆ ಬೆಳ್ದು ಮಲಗ್ಬಿಡುತ್ತೆ, ಆದ್ರೆ ಕಮ್ಮಿ ತಿಂದು ಕಮ್ಮಿ ಕೊಡೋದು ಬೇರೆ, ತಿಂದಿದ್ದನ್ನ ಕಾಳು ಮಾಡೋದು ಬೇರೆ. ಹಳೇ ಎತ್ತರದ ಭತ್ತದಲ್ಲಿ ಪೈರಿನ ಒಟ್ಟು ತೂಕದಲ್ಲಿ ಕಾಳು ಸುಮಾರು 30 ಪರ್ಸೆಂಟ್, ಗಿಡ್ಡ ತಳಿಲಿ 50ರ ಹತ್ರ. ಗೋಧಿಲೂ ಇದೇ ಕಥೆ, ಮೆಕ್ಸಿಕೋದಲ್ಲಿ 1950ರಿಂದ 1985ರವರೆಗಿನ ತಳಿಗಳನ್ನ ಒಟ್ಟಿಗೆ ಬಿತ್ತಿ ನೋಡ್ದಾಗ ಸಾರಜನಕ ಕಮ್ಮಿ ಇದ್ದ ತಾಕಲ್ಲೂ ಹೊಸವೇ ಮುಂದಿದ್ವು.

ಇನ್ನೊಂದು, ನನಗೆ ತುಂಬಾ ಕಾಡೋದು ಇದೇನೇ. ಯಾವ ತಳಿನೂ ಪೋಷಕಾಂಶನ ಹುಟ್ಸಲ್ಲ. ಒಂದು ಟನ್ ಭತ್ತ ಬೆಳ್ಯೋಕೆ ಪೈರು ಸುಮಾರು 15ರಿಂದ 20 ಕೆಜಿ ಸಾರಜನಕ ಎಳ್ಕೊಳುತ್ತೆ, 45 ಕೆಜಿ ಯೂರಿಯಾ ಮೂಟೆಲಿ ಇರೋದೇ ಸುಮಾರು 20 ಕೆಜಿ, ಲೆಕ್ಕ ಹಾಕಿ ನೋಡಿ. ಬೇರು ಚುರುಕಾದ್ರೆ ಮಣ್ಣಲ್ಲಿ ಇರೋದು ಇನ್ನೂ ಬೇಗ ಮುಗಿಯುತ್ತೆ, ಮೊದಮೊದಲು ಏನೂ ಗೊತ್ತಾಗದೇ ಇರಬಹುದು, ಆಮೇಲೆ ಬುಡದಿಂದ ಒಡೆಯೋ ತೆಂಡೆ ಕಮ್ಮಿಯಾಗಿ ಜೊಳ್ಳು ಜಾಸ್ತಿಯಾದಾಗ ತಳಿನ ಬೈಕೊಂಡು ಕೂರ್ತೀವಿ. ಪೊಟ್ಯಾಷ್ ಅಂತೂ ಬಹುಪಾಲು ಹುಲ್ಲಲ್ಲೇ ಇರೋದು, ಮೊದಲು ಆ ಹುಲ್ಲನ್ನ ದನ ತಿಂದು ಕೊಟ್ಟಿಗೆ ಗೊಬ್ಬರವಾಗಿ ಗದ್ದೆಗೇ ವಾಪಸ್ ಬರ್ತಿತ್ತು, ಈಗ ದನನೇ ಇಲ್ದೆ ಒಕ್ಕಣೆ ಆದ್ಮೇಲೆ ಲಾರಿಗೆ ತುಂಬಿ ಕಳಿಸ್ತೀವಿ.